ಐದು ಹೆಸರಿನ ಹಾಳೆ

"ನಿಂದ್ರಿ! ಆ ಕಾಗದ ಅಲ್ಲಿ ಹಚ್ಚಬ್ಯಾಡ್ರಿ!"

ಚಾವಡಿಯ ಬಾಗಿಲಿಗೆ ಅಂಟು ಬಳಿಯುತ್ತಿದ್ದ ಅಂಬಾರಾಯನ ಕೈ ಹಾಗೆಯೇ ನಿಂತಿತು. ತಿರುಗಿ ನೋಡಿದ.

ಮೆಟ್ಟಿಲ ಕೆಳಗೆ ಹಸಿರು ಇಳಕಲ್ ಸೀರೆಯ ಹುಡುಗಿಯೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಅವಳ ಹಿಂದೆ ಇಪ್ಪತ್ತು ಜನ ಹೆಂಗಸರು. ಎಲ್ಲರ ಕಣ್ಣೂ ಇವನ ಮೇಲೆ!

"ಯಾಕ್ರಿ? ಇದು ಸರಕಾರಿ ಕಾಗದ. ಮನಿ ಇಲ್ದೋರಿಗಿ ಜಾಗ ಕೊಡೋ ಪಟ್ಟಿ. ಚಾವಡಿಗಿ ಹಚ್ಚಬೇಕಂತ ಆರ್ಡರ್ ಅದ."

"ಹಚ್ಚಿ?"

"ಹಚ್ಚಿ… ಮಂದಿ ಓದ್ಕೋತಾರ."

"ಈ ಊರಾಗ ಓದ್ಲಿಕ್ಕ ಬರೋರು ಹನ್ನೊಂದು ಮಂದಿ. ಹೆಣ್ಮಕ್ಕಳೊಳಗ ನಾ ಒಬ್ಬಾಕಿ. ಉಳಿದೋರು ಏನು, ಬಾಗಿಲ ಮಾರಿ ನೋಡ್ಕೋತ ನಿಂದ್ರಬೇಕೇನ್ರಿ?"

ಹೆಂಗಸರು ಗೊಳ್ಳೆಂದು ನಕ್ಕರು. ಅಂಬಾರಾಯನ ಕಿವಿ ಕೆಂಪಾದವು.

ಅದು ರಾಜ್ಯಕ್ಕೆ ಕರ್ನಾಟಕ ಎಂದು ಹೊಸ ಹೆಸರು ಬಂದು ವರ್ಷ ತುಂಬದ ಕಾಲ. ಅವನ ಕೈಯಲ್ಲಿದ್ದ ಕಾಗದದ ಮುದ್ರೆಯಲ್ಲಿ ಇನ್ನೂ ಮೈಸೂರು ಅಂತಲೇ ಇತ್ತು. ತಾಲೂಕಿನ ಆಫೀಸಿಗೆ ಗುಮಾಸ್ತನಾಗಿ ಸೇರಿ ಅವನಿಗೂ ನಾಲ್ಕೇ ತಿಂಗಳು. ಸೇಡಂನಿಂದ ಸೈಕಲ್ ತುಳಿದುಕೊಂಡು ಕಾಗಿಣಾ ದಂಡೆಯ ಈ ತೊಗರಳ್ಳಿಗೆ ಬಂದದ್ದು ಅದೇ ಮೊದಲು.

ಹುಡುಗಿಯ ಹೆಸರು ಗುರುದೇವಿ. ರಿಟೈರಾದ ಚಂದ್ರಾಮಪ್ಪ ಮಾಸ್ತರರ ಕಿರಿ ಮಗಳು, ಊರಿನ ಮಹಿಳಾ ಮಂಡಳಿಯ ಕಾರ್ಯದರ್ಶಿ. ಅವಳನ್ನು ನೋಡಲು ಬಂದ ಮೂರು ಗಂಡಿನ ಕಡೆಯವರೂ ಒಂದೇ ಮಾತು ಹೇಳಿ ಎದ್ದು ಹೋಗಿದ್ದರು: "ಹುಡುಗಿ ಭಾಳ ಪ್ರಶ್ನಿ ಕೇಳ್ತಾಳ."

ಅಂಬಾರಾಯ ಮೆಟ್ಟಿಲಿಳಿದು ಬಂದು ಕಾಗದವನ್ನು ಅವಳ ಮುಂದೆ ಹಿಡಿದ.

"ಹಂಗಾದ್ರ ನೀವ ಓದ್ರಿ. ಎಲ್ಲಾರಿಗೂ ಕೇಳೋಹಂಗ."

ಗುರುದೇವಿ ಇದನ್ನು ನಿರೀಕ್ಷಿಸಿರಲಿಲ್ಲ! ಈವರೆಗೆ ಅವಳು ಜಗಳ ಮಾಡಿದ ಸಾಹೇಬರೆಲ್ಲ 'ಆಫೀಸಿಗಿ ಬರ್ರಿ' ಎಂದವರೇ. ಅವಳು ಓದತೊಡಗಿದಳು. ಮೂವತ್ತೆಂಟು ಹೆಸರು. ಏಳನೆಯ ಹೆಸರಿಗೆ ಹೆಂಗಸರು ನಕ್ಕರು, ಆ ಮನುಷ್ಯ ಸತ್ತು ಆರು ವರ್ಷವಾಗಿತ್ತು. ಹದಿನೈದನೆಯ ಹೆಸರಿಗೆ ನಗು ನಿಂತಿತು. ಹೆಂಚಿನ ಮನೆ ಇದ್ದವರು ಪಟ್ಟಿಯಲ್ಲಿದ್ದರು, ಊರು ಬಿಟ್ಟವರು ಪಟ್ಟಿಯಲ್ಲಿದ್ದರು. ಜೋಪಡಿಯೂ ಇಲ್ಲದ ಮರೆಮ್ಮನ ಹೆಸರು ಮಾತ್ರ ಇರಲಿಲ್ಲ.

"ಈ ಪಟ್ಟಿ ನಿಮ್ಮೂರ ಹಳೇ ಪಂಚಾಯ್ತಿಯೋರು ಕುಂತಲ್ಲೇ ಬರ್ದು ಕಳಿಸಿದ್ದು," ಎಂದ ಅಂಬಾರಾಯ, ತಲೆ ತಗ್ಗಿಸಿ. "ಆದ್ರ ಹಚ್ಚಲಿಕ್ಕ ಬಂದಾಂವ ನಾನ. ನನಗ ನಾಚಿಕಿ ಆಗ್ಲಿಕತ್ತದ್ರಿ."

ನಾಚಿಕೆ! ಸರಕಾರದ ಮನುಷ್ಯನ ಬಾಯಲ್ಲಿ ಆ ಮಾತು!

ಗುರುದೇವಿ ಆಗ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಬಿಸಿಲಿಗೆ ಕಂದಿದ ಮುಖ, ಸುಳ್ಳು ಹೇಳಲು ಬಾರದ ಕಣ್ಣು. ಅವಳ ಎದೆಯಲ್ಲಿ ಏನೋ ಅಲುಗಿತು. ತಕ್ಷಣ ಸೆರಗು ಬಿಗಿದುಕೊಂಡು, "ಮತ್ತ ಹೊಸಾ ಪಟ್ಟಿ ಯಾವಾಗ ಮಾಡ್ತೀರಿ?" ಎಂದು ಗದರಿದಳು.

* * *

ಹೊಸ ಪಟ್ಟಿಯನ್ನು ಆಫೀಸು ಮತ್ತು ಮಂಡಳಿ ಕೂಡಿ ಮಾಡುವುದೆಂದು ಠರಾವಾಯಿತು. ಮೇಲಿನ ಸಾಹೇಬರಿಂದ ಒಪ್ಪಿಗೆ ತಂದವನು ಅಂಬಾರಾಯ. ನಿಯಮ ಹಾಕಿದವಳು ಗುರುದೇವಿ.

ಪಟ್ಟಿಯನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದಬೇಕು. ಹೆಸರಿದ್ದವರು ತಾವೇ ಎದ್ದು 'ಇದ್ದೀನ್ರಿ' ಅನ್ನಬೇಕು. ತಕರಾರಿದ್ದವರು ಅಲ್ಲೇ ಹೇಳಬೇಕು. ಇನ್ನೊಂದು, ಪಟ್ಟಿ ಬರೆಯುವವರು ತಮ್ಮ ತಮ್ಮ ಬಳಗದ ಮನೆಗೆ ಹೋಗಬಾರದು.

"ನಮ್ಮೋರಂತ ಕೈ ಸಡಿಲ ಆಗಬಾರದಲ್ರಿ," ಎಂದಿದ್ದಳು ಗುರುದೇವಿ. ಆ ನಿಯಮದ ಬಗ್ಗೆ ಅವಳಿಗೆ ಹೆಮ್ಮೆ. ತುಸು ಹೆಚ್ಚೇ ಹೆಮ್ಮೆ!

ಹದಿನೈದು ದಿನ ಅವರು ಮನೆಮನೆ ತಿರುಗಿದರು. ಜೊತೆಗೆ ಸದಾ ಇಮಾಮ್ಬೀ. ಊರಿನ ಸೂಲಗಿತ್ತಿ ಆಕೆ, ಯಾವ ಮನೆಯ ಬಾಗಿಲೂ ಆಕೆಗೆ ಮುಚ್ಚಿರಲಿಲ್ಲ.

ಗಂಡನ ಹೆಸರು ಕೇಳಿದರೆ ಹೆಂಗಸರು ಹೇಳುತ್ತಿರಲಿಲ್ಲ. ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ಒರಳುಕಲ್ಲು ತೋರಿಸಿದಳು. ಅಂಬಾರಾಯ ಪೆನ್ಸಿಲ್ ಹಿಡಿದು ಪಿಳಿಪಿಳಿ ನೋಡಿದ.

"ಬರ್ಕೋರಿ ಸಾಹೇಬ್ರ, ಕಲ್ಲಪ್ಪ!" ಎಂದಳು ಇಮಾಮ್ಬೀ. ಗುರುದೇವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗುವುದನ್ನು ನೋಡುತ್ತ ಅಂಬಾರಾಯ ಬರೆಯುವುದನ್ನೇ ಮರೆತ.

ಎರಡನೆಯ ದಿನ ಅವನು ಚೀಲದಿಂದ ತೆಳ್ಳಗಿನ ನೀಲಿ ಹಾಳೆಗಳ ಕಟ್ಟು ತೆಗೆದ.

"ಏನ್ರಿ ಇದು?"

"ಕಾರ್ಬನ್. ಬರ್ದಿದ್ದು ಎರಡು ಪ್ರತಿ ಆಗ್ತದ. ಆಫೀಸಿಗಿ ಒಂದು, ಮಂಡಳಿಗಿ ಒಂದು. ನಾಳಿ ನಾನ ಏನರ ತಿದ್ದಿದ್ರೂ ನಿಮಗ ಗೊತ್ತಾಗಬೇಕು."

ಬೇರೆ ಹುಡುಗಿಯರಿಗೆ ಹುಡುಗರು ಮಲ್ಲಿಗೆ ತಂದುಕೊಡುತ್ತಾರೆ. ನಮ್ಮ ಗುರುದೇವಿಗೆ ಅಂಬಾರಾಯ ಕಾರ್ಬನ್ ಕಾಗದ ತಂದುಕೊಟ್ಟ! ಅವಳಿಗೆ ಅದಕ್ಕಿಂತ ಬೇರೇನೂ ಬೇಕಿರಲಿಲ್ಲ. ಬೆರಳಿಗೆ ಹತ್ತಿದ ನೀಲಿ ಬಣ್ಣವನ್ನು ಅವಳು ಸಂಜೆವರೆಗೂ ತೊಳೆಯಲಿಲ್ಲ.

'ಇಂಥಾ ಮನುಷ್ಯ… ಇಂಥಾ ಮನುಷ್ಯನೂ ಇರ್ತಾನಾ?'

ಭೀಮಬಾಯಿಯ ಮನೆ ಬಂದಾಗ ಗುರುದೇವಿ ದೂರದ ಬೇವಿನ ಗಿಡದ ಕೆಳಗೇ ಉಳಿದಳು. ಅದು ಅವಳ ಅಕ್ಕ ಶರಣಬಸಮ್ಮನನ್ನು ಕೊಟ್ಟ ಮನೆ, ಭೀಮಬಾಯಿ ಅಕ್ಕನ ಅತ್ತೆ. ನಿಯಮ ಅಂದರೆ ನಿಯಮ. ಅಂಬಾರಾಯ ಮತ್ತು ಇಮಾಮ್ಬೀ ಇಬ್ಬರೇ ಒಳಗೆ ಹೋದರು.

ಅಕ್ಕನ ಚಿಂತೆ ಅವಳಿಗೆ ಇರಲೂ ಇಲ್ಲ. ಭಾವ ಶಹಾಬಾದದ ಕಲ್ಲಿನ ಕಾರ್ಖಾನೆಯಲ್ಲಿ ದುಡಿಯುತ್ತಾನೆ, ಊರಿಗೆ ಬರಲು ಸೂಟಿ ಸಿಗುವುದಿಲ್ಲ. ಅಕ್ಕ ತಿಂಗಳಿಗೊಮ್ಮೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ನಾಲ್ಕು ದಿನ ಗಂಡನ ಹತ್ತಿರ ಇದ್ದು ಬರುತ್ತಾಳೆ. ಊರವರೆಲ್ಲ ಹಾಗೇ ತಿಳಿದಿದ್ದರು. ತಂಗಿಯೂ ಹಾಗೇ ತಿಳಿದಿದ್ದಳು.

ಅವರು ಹೊರಗೆ ಬಂದಾಗ ಇಮಾಮ್ಬೀ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಯಾಕವ್ವ ಇಮಾಮ್ಬೀ?"

"ಹೊಗಿಯವ್ವ… ಒಲಿ ಹೊಗಿ."

ಆ ದಿನ ಅಂಬಾರಾಯ ಬೇಗ ಸೈಕಲ್ ಹತ್ತಿ ಹೋದ.

* * *

ಓದುವ ದಿನ ಚಾವಡಿ ತುಂಬಿತ್ತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ನೆರಳಿಗೆ. ಹೆಂಗಸರ ನಡುವೆ ಶರಣಬಸಮ್ಮನೂ ಇದ್ದಳು.

ಅಂಬಾರಾಯ ಒಂದೊಂದೇ ಹೆಸರು ಓದಿದ. ಒಬ್ಬೊಬ್ಬರೂ ಎದ್ದು "ಇದ್ದೀನ್ರಿ" ಎಂದರು. ಮರೆಮ್ಮ ಎದ್ದಾಗ ಆಕೆಯ ದನಿಯೇ ಹೊರಡಲಿಲ್ಲ. ಗುರುದೇವಿ ಮಂಡಳಿಯ ಪ್ರತಿ ಹಿಡಿದು ಪ್ರತಿಯೊಂದಕ್ಕೂ ಗುರುತು ಹಾಕುತ್ತಿದ್ದಳು. ಎಷ್ಟು ಹಿಗ್ಗು ಅವಳಿಗೆ! ಮುಂದಿನ ಬಾಳೆಲ್ಲ ಹೀಗೇ ಅವನ ಪಕ್ಕದಲ್ಲಿ ಕೂತು ಗುರುತು ಹಾಕುತ್ತ ಕಳೆಯಬಹುದು ಎಂದೆನಿಸಿತು.

ನಲವತ್ತೊಂದು ಹೆಸರು ಮುಗಿದವು. ಅಂಬಾರಾಯನ ಕೈಯಲ್ಲಿ ಇನ್ನೊಂದು ಹಾಳೆ ಇತ್ತು. ಅವನು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡ.

"ಇನ್ನೊಂದು ಐದು ಹೆಸರು ಅವ. ಅವನ್ನ ನಾ ಆಫೀಸಿನಾಗ ನೋಡ್ಕೋತೀನಿ."

ಕಟ್ಟೆಯ ಮೇಲಿನಿಂದ ಯಾರೋ ಕೆಮ್ಮಿದರು. "ಅಲ್ಲಿಗಿ ಬಂತು ನೋಡ್ರಿ!" ಎಂದ ಮೌಲಾಲಿ, ಹೋಟೆಲಿನ ಯಜಮಾನ. "ಕಿಸೆದಾಗ ಹೋದ ಪಟ್ಟಿ ಯಾರ ಮನಿಗಿ ಹೋಗ್ತದ ನಮಗ ಗೊತ್ತದ."

ಗುರುದೇವಿ ತನ್ನ ಹಾಳೆಗಳನ್ನು ಮತ್ತೆ ಮತ್ತೆ ತಿರುವಿದಳು. ಆ ಐದು ಹೆಸರಿಗೆ ಪ್ರತಿ ಇರಲಿಲ್ಲ!

'ಇಲ್ಲ… ಇವರು ಹಂಗಲ್ಲ… ಆದರೆ ಪ್ರತಿ ಯಾಕೆ ಇಲ್ಲ? ಎಲ್ಲಕ್ಕೂ ಇದ್ದದ್ದು ಇದಕ್ಕೆ ಮಾತ್ರ ಯಾಕೆ ಇಲ್ಲ?'

ಎಲ್ಲರ ಕಣ್ಣೂ ಈಗ ಅವಳ ಮೇಲೆ. ಇವಳೇ ಕರೆತಂದ ಮನುಷ್ಯ, ಇವಳೇ ನಂಬಿಸಿದ ಮನುಷ್ಯ!

"ಆ ಹಾಳಿ ತೆಗೀರಿ," ಎಂದಳು.

"ಬ್ಯಾಡ್ರಿ ಗುರುದೇವಿ." ಅವನ ದನಿ ತಗ್ಗಿತ್ತು. "ಇದೊಂದು ಬ್ಯಾಡ. ನನ್ನ ಮಾತು ನಂಬ್ರಿ."

"ನಂಬೋದು ಬ್ಯಾರೆ, ಓದೋದು ಬ್ಯಾರೆ! ಕಳ್ಳತನ ಇಲ್ಲಂದ್ರ ಕಿಸೆದಾಗ ಯಾಕ ಇಟ್ಕೊಂಡ್ರಿ?"

ಕಳ್ಳತನ. ಆ ಮಾತು ಚಾವಡಿಯಲ್ಲೆಲ್ಲ ಕೇಳಿಸಿತು. ಅಂಬಾರಾಯನ ಮುಖ ಬಿಳಿಚಿತು. ಅವನು ಏನೋ ಹೇಳುವಷ್ಟರಲ್ಲಿ ಅವಳು ಅವನ ಅಂಗಿಯ ಕಿಸೆಯಿಂದ ಹಾಳೆಯನ್ನು ಕಸಿದುಕೊಂಡಿದ್ದಳು.

ಮೊದಲ ಹೆಸರು: ಶರಣಬಸಮ್ಮ.

ನನ್ನ ಅಕ್ಕ! ಗಂಡ ದುಡಿಯುವ, ಅತ್ತೆ ಮನೆ ಇರುವ ನನ್ನ ಅಕ್ಕ! ನನ್ನನ್ನು ಖುಷಿಪಡಿಸಲು ಸೇರಿಸಿದ್ದಾನೆ. ಪಟ್ಟಿಯಲ್ಲಿ ನನಗೇ ಲಂಚ ಇಟ್ಟಿದ್ದಾನೆ!

ತನ್ನ ಕೈ ಶುದ್ಧ ಎಂದು ಊರಿಗೆಲ್ಲ ತೋರಿಸಬೇಕಿತ್ತು ಅವಳಿಗೆ. ಅದಕ್ಕೇ ನಿಲ್ಲಿಸಲಿಲ್ಲ. ಸಿಟ್ಟಿನಲ್ಲಿ, ಗಟ್ಟಿಯಾಗಿ, ಒಂದೇ ಉಸಿರಿಗೆ ಓದಿಬಿಟ್ಟಳು.

"ಶರಣಬಸಮ್ಮ. ಗಂಡ ಬಿಟ್ಟು ಮೂರು ವರ್ಷ. ಹೈದರಾಬಾದಿನಲ್ಲಿ ಬೇರೆ ಹೆಣ್ಣಿನೊಂದಿಗೆ ಸಂಸಾರ. ಅತ್ತೆ ಮನೆಯ ದನದ ಕೊಟ್ಟಿಗೆಯಲ್ಲಿ ವಾಸ. ತಿಂಗಳಿಗೆ ನಾಲ್ಕು ದಿನ ಶಹಾಬಾದಕ್ಕೆ ಹೋಗುವುದು ಗಂಡನ ಹತ್ತಿರ ಅಲ್ಲ, ಕಲ್ಲು ಉಜ್ಜುವ ಕೂಲಿಗೆ…"

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವಳಿಗೆ ತಟ್ಟಿತು.

ಹೆಂಗಸರ ನಡುವಿನಿಂದ ಶರಣಬಸಮ್ಮ ಎದ್ದಳು. ಸೆರಗನ್ನು ಮುಖದ ತನಕ ಎಳೆದುಕೊಂಡಳು. ಯಾರ ಕಡೆಗೂ ನೋಡದೆ ಮನೆಯ ದಾರಿ ಹಿಡಿದು ನಡೆದಳು. ಅವಳ ಕಾಲು ಎಲ್ಲಿಯೂ ಎಡವಲಿಲ್ಲ. ಅದನ್ನು ನೋಡಲು ಗುರುದೇವಿಗೆ ಆಗಲಿಲ್ಲ.

ಅಂಬಾರಾಯ ಅವಳ ಕೈಯಿಂದ ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡ. ಉಳಿದ ನಾಲ್ಕು ಹೆಸರು ಹಾಗೇ ಉಳಿದವು.

"ನಾ ಆಕಿಗಿ ಮಾತು ಕೊಟ್ಟಿದ್ದೆ," ಎಂದಷ್ಟೇ ಹೇಳಿದ.

* * *

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಗುರುದೇವಿಗೆ ಅನ್ನ ಸೇರಲಿಲ್ಲ. ಕನ್ನಡಿ ನೋಡಿಕೊಳ್ಳಲಿಲ್ಲ. ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ.

ಊರಲ್ಲಿ ಕೆಲವರಿಗೆ ಮೊದಲೇ ಗುಮಾನಿ ಇತ್ತಂತೆ. ಆದರೆ ಗುಮಾನಿ ಬೇರೆ, ಒಡಹುಟ್ಟಿದವಳೇ ಚಾವಡಿಯಲ್ಲಿ ನಿಂತು ಓದುವುದು ಬೇರೆ.

ಮೂರನೆಯ ದಿನ ಭೀಮಬಾಯಿ ಪಂಚಾಯ್ತಿಗೆ ತಕರಾರು ಕೊಟ್ಟಳು. "ನನ್ನ ಸೊಸಿಗಿ ಜಾಗ ಯಾಕ? ನಮ್ಮ ಮನಿನೇ ಆಕಿ ಮನಿ. ಮಂದಿ ಮುಂದ ನಮ್ಮ ಮನಿತನದ ಮರ್ಯಾದಿ ತೆಗ್ದಿದ್ದು ಸಾಕು." ತಕರಾರಿನ ಮೇಲೆ ಎರಡನೆಯ ಸಲ ಓದುವುದು ಬರುವ ಸೋಮವಾರ. ಆ ದಿನ ಹೆಸರು ಕರೆದಾಗ ಶರಣಬಸಮ್ಮ ತಾನೇ ಬಂದು 'ಇದ್ದೀನ್ರಿ' ಅನ್ನದಿದ್ದರೆ ಹೆಸರು ಬಿದ್ದುಹೋಗುತ್ತದೆ. ಜಾಗವೂ ಹೋಗುತ್ತದೆ. ಆ ನಿಯಮ ಹಾಕಿದವಳು ಯಾರು? ಗುರುದೇವಿಯೇ!

ಇನ್ನೊಂದು ಸುದ್ದಿ ಅಪ್ಪ ತಂದರು. ಅಂಬಾರಾಯ ಪಟ್ಟಿ ಬಚ್ಚಿಟ್ಟನೆಂದು ಮೇಲಕ್ಕೆ ಅರ್ಜಿ ಹೋಗಿತ್ತು. ಅವನನ್ನು ಚಿಂಚೋಳಿಗೆ ವರ್ಗ ಮಾಡಿದ್ದರು. ಯಾಕೆ ಬಚ್ಚಿಟ್ಟೆ ಎಂದು ಕೇಳಿದ್ದಕ್ಕೆ ಅವನು 'ನನ್ನ ತಪ್ಪು' ಎಂದು ಬರೆದುಕೊಟ್ಟನಂತೆ. ಶರಣಬಸಮ್ಮನ ಹೆಸರನ್ನು ಎತ್ತಲಿಲ್ಲವಂತೆ.

ಗುರುದೇವಿ ಮರುದಿನವೇ ಸೇಡಂ ಬಸ್ಸು ಹತ್ತಿದಳು.

ಆಫೀಸಿನ ಮೆಟ್ಟಿಲ ತನಕ ಹೋದಳು. ಮೇಲೆ ಹತ್ತದೆ ಅಲ್ಲೇ ನಿಂತಳು. ಅವನೇ ನೋಡಿ ಇಳಿದು ಬಂದ.

"ಮಾಫ್ ಮಾಡ್ರಿ…" ಅವಳು ನೆಲ ನೋಡುತ್ತ ಹೇಳಿದಳು. "ನಿಮಗ ಕಳ್ಳ ಅಂದೆ."

"ಹೂಂ. ಅಂದ್ರಿ."

ಅವನು ಇಲ್ಲವೆನ್ನಲಿಲ್ಲ, ಪರವಾಗಿಲ್ಲವೆನ್ನಲಿಲ್ಲ. ಅದು ಅವಳಿಗೆ ಇನ್ನಷ್ಟು ಚುಚ್ಚಿತು.

"ಕಸ್ಕೊಂಡಿದ್ದಕ್ಕ ನನಗ ಸಿಟ್ಟಿಲ್ರಿ. ಹದಿನೈದು ದಿನ ಕೂಡಿ ತಿರುಗಿದ ಮ್ಯಾಲೂ ನನ್ನ ಒಂದು ಮಾತು ನಂಬಲಿಲ್ಲಲ್ಲ… ಅದು ಭಾಳ ಸಂಕಟ ಆತು."

ಗುರುದೇವಿಯ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳುವ ಹಕ್ಕೂ ತನಗಿಲ್ಲ ಎಂಬಂತೆ ನಿಂತಿದ್ದಳು.

"ಖರೆ ನಂದೂ ತಪ್ಪ ಅದ," ಎಂದ ಅವನು. "ಒಂದು ಹಾಳಿ ಓದಂಗಿಲ್ಲ, ಯಾಕಂತ ನಿಮ್ಮೊಳಗಿನ ನಾಕು ಹೆಣ್ಮಕ್ಕಳು ನೋಡಿ ಹೇಳ್ಲಿ ಅಂತ ಮೊದಲ ಚಾವಡಿಯೊಳಗ ಬಾಯಿ ಬಿಟ್ಟು ಹೇಳಬೇಕಿತ್ತು. ನಾ ಒಬ್ಬನ ಠರಾಯಿಸ್ದೆ, ಕಿಸೆದಾಗ ಇಟ್ಕೊಂಡೆ. ಹಳೇ ಮಂದಿ ಮಾಡಿದ್ದೂ ಅದನ ಅಲ್ಲೇನು?"

"ನೀವು ಒಳ್ಳೇದಕ್ಕ ಮಾಡಿದ್ರಿ…"

"ಒಳ್ಳೇದಕ್ಕ ಅಂತ ಅವರೂ ಅಂತಾರ." ಅವನು ನಿಟ್ಟುಸಿರಿಟ್ಟ. "ನನ್ನ ಮಾಫಿ ಇರಲಿ. ನಿಮ್ಮಕ್ಕನ ಹತ್ರ ಹೋಗಿದ್ರೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಐದು ದಿನವಾಗಿತ್ತು. ಅಕ್ಕನ ಬಾಗಿಲಿಗೆ ಹೋಗುವ ಧೈರ್ಯ ಬರದೆ, ದೂರದ ಸೇಡಂಗೆ ಬಂದಿದ್ದಳು!

* * *

ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಮೂಲೆಗೆ ಗೋಣಿತಟ್ಟು, ಒಂದು ಟ್ರಂಕು. ಶರಣಬಸಮ್ಮ ಹುಲ್ಲು ಹಾಕುತ್ತಿದ್ದಳು. ಹೊರಗೆ ಅಂಗಳದಲ್ಲಿ ಭೀಮಬಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬೀಗರ ಮಗಳು ಬಂದದ್ದು ನೋಡಿಯೂ ತಲೆ ಎತ್ತಲಿಲ್ಲ.

"ಯಕ್ಕಾ…"

"ಯಾಕ ಬಂದಿ? ಇನ್ನೇನರ ಓದೋದು ಉಳದದೇನು?"

ಗುರುದೇವಿ ಅಲ್ಲೇ ಕುಸಿದು ಕೂತಳು. "ನನಗ ಗೊತ್ತಿರಲಿಲ್ಲ ಯಕ್ಕಾ. ದೇವರಾಣಿ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ." ಶರಣಬಸಮ್ಮ ಹುಲ್ಲನ್ನು ಕೆಳಗಿಟ್ಟಳು. "ಊರ ಮಂದಿ ಮನಿ ಮನಿಗಿ ಹೋಗಿ ಹೆಂಗ ಅದೀರಿ ಅಂತ ಕೇಳ್ದಿ. ಮರೆಮ್ಮನ ಮಗ್ಗಲ ಕುಂತು ಅಕಿ ಕಣ್ಣೀರು ಒರಿಸ್ದಿ. ನಿನ್ನ ಅಕ್ಕನ ಮನಿ ಬಂದ್ರ ಗಿಡದ ಕೆಳಗ ನಿಂತಿ. ಮೂರು ವರ್ಷದಾಗ ಒಂದಿನರ ನನ್ನ ಕೈ ನೋಡಿದಿಯೇನು?"

ಅವಳು ಎರಡೂ ಕೈ ಮುಂದೆ ಹಿಡಿದಳು. ಕಲ್ಲಿನ ನೀರಿನಲ್ಲಿ ಉಜ್ಜಿ ಉಜ್ಜಿ ಬೆರಳ ತುದಿಯ ಚರ್ಮ ಸವೆದು ನುಣ್ಣಗಾಗಿತ್ತು. ಉಗುರಿನ ಸುತ್ತ ಸೀಳಿತ್ತು.

"ನನಗ ಹೇಳಬಾರದಾಗಿತ್ತೇನು ಯಕ್ಕಾ?"

"ನಿನಗ ಹೇಳಿದ್ರ ನೀ ಅದನ್ನೂ ಚಾವಡಿಗಿ ಒಯ್ತಿದ್ದಿ."

ಹೌದು. ಒಯ್ಯುತ್ತಿದ್ದೆ. ಗುರುದೇವಿಗೆ ಸುಳ್ಳು ಹೇಳಲು ಬರಲಿಲ್ಲ. ನ್ಯಾಯ ಕೊಡಿಸುತ್ತೇನೆಂದು ಹೊರಟು ಅಕ್ಕನನ್ನು ಮಂದಿಯ ಮುಂದೆ ನಿಲ್ಲಿಸುತ್ತಿದ್ದೆ. ಇಷ್ಟು ದಿನ ಊರಿಗೆ ಉಪಕಾರ ಮಾಡುತ್ತಿದ್ದೇನೆಂದುಕೊಂಡದ್ದೆಲ್ಲ ಅವಳಿಗೆ ಈಗ ಅಸಹ್ಯವಾಗಿ ಕಂಡಿತು.

"ಸೋಮವಾರ ಬಾ ಯಕ್ಕಾ. ಒಂದು ಮಾತು ಅಂದ್ರ ಜಾಗ ನಿಂದು. ಈ ಕೊಟ್ಟಿಗಿ ತಪ್ತದ."

"ಎಲ್ಲಿಗಿ ಬರಲಿ? ನನ್ನ ಬತ್ತಲಿ ಮಾಡಿದ ಜಾಗಕ್ಕ?" ಶರಣಬಸಮ್ಮನ ದನಿ ಮೊದಲ ಸಲ ಒಡೆಯಿತು. "ಅಂವ ಬಿಟ್ಟು ಹೋದ. ನಾ ಯಾರಿಗೂ ಅನ್ನಲಿಲ್ಲ. ಅತ್ತಿ ಮರ್ಯಾದಿ ಹೋಗ್ತದಂತ ತಿಂಗಳಾ ಬುತ್ತಿ ಕಟ್ಟಿದೆ. ಆ ಬುತ್ತಿ ಕಲ್ಲಿನ ರಾಶಿ ಮರಿಗಿ ಕುಂತು ನಾನ ತಿಂದೆ. ಅತ್ತಿ ಮನಿ ಒಳಗ ಮಲ್ಕೋ ಅಂತ ಒಮ್ಮಿಯೂ ಕರೀಲಿಲ್ಲ. ಆದ್ರೂ ಅಕಿ ಹೆಸರು ಕೆಡಿಸ್ಲಿಲ್ಲ. ಹೋಗವ್ವ. ನನ್ನ ಹೆಸರು ತೆಗೆದು ಹಾಕು."

ಅಂಗಳದಲ್ಲಿ ಮೊರದ ಸದ್ದು ಯಾವಾಗಲೋ ನಿಂತುಹೋಗಿತ್ತು.

* * *

ಸೋಮವಾರ. ಅಂಬಾರಾಯನಿಗೆ ಈ ಊರಿನ ಕಡೆಯ ಕೆಲಸ ಅದು. ಅವನು ಪಟ್ಟಿ ಬಿಚ್ಚುವ ಮೊದಲೇ ಗುರುದೇವಿ ಎದ್ದು ನಿಂತಳು.

"ಮೊದಲ ನಂದೊಂದು ಮಾತು ಅದ್ರಿ. ಹೋದ ಸಲ ನಾ ಇಲ್ಲೇ ನಿಂತು ಈ ಮನುಷ್ಯಾಗ ಕಳ್ಳ ಅಂದೆ. ಅವರು ಕಳ್ಳ ಅಲ್ಲ. ನಮ್ಮಕ್ಕನ ಸಂಸಾರ ನಿಮ್ಮ ಮುಂದ ಓದಿದೆ. ಅದು ಓದ್ಲಿಕ್ಕ ನಾ ಯಾರೂ ಅಲ್ಲ."

ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅವಳು ಮುಂದುವರಿಸಿದಳು.

"ಸರಕಾರ ಯಾರಿಗಿ ಏನ ಕೊಡ್ತದ, ಎಲ್ಲಿ ಕೊಡ್ತದ, ಅದು ಎಲ್ಲಾರ ಮುಂದ ಬರಬೇಕು. ಅದಕ್ಕ ನಾ ನಾಳಿನೂ ಜಗಳ ಮಾಡ್ತೀನಿ. ಆದ್ರ ಒಂದು ಹೆಣ್ಮಗಳ ಮನ್ಯಾಗ ಏನ ಆಗ್ಯಾದ ಅನ್ನೋದು ಸರಕಾರದ ಕಾಗದ ಅಲ್ಲ. ನನಗ ಎರಡೂ ಒಂದೇ ಅನಿಸಿತ್ತು. ನನಗ ಅಷ್ಟ ತಿಳಿಲಿಲ್ಲ… ಮಾಫ್ ಮಾಡ್ರಿ."

"ಮತ್ತ ಸುಳ್ಳ ಹೆಸರು ಸೇರಿಸಿದ್ರ?" ಎಂದ ಮೌಲಾಲಿ. ಈ ಸಲ ಅವನ ದನಿಯಲ್ಲಿ ಕೊಂಕಿರಲಿಲ್ಲ.

"ಅಂಥಾ ಹಾಳಿ ನೀವು ಆರಿಸಿದ ನಾಕು ಹೆಣ್ಮಕ್ಕಳು ನೋಡಿ, ಖರೆ ಅದನೋ ಸುಳ್ಳ ಅದನೋ ಇಲ್ಲಿ ಬಂದು ಹೇಳ್ತಾರ. ಆ ನಾಕು ಮಂದಿಯೊಳಗ ನಾ ಇರಂಗಿಲ್ಲ."

ಇಮಾಮ್ಬೀಯನ್ನು ಮೊದಲು ಆರಿಸಿದರು, ಆಮೇಲೆ ಮೂವರನ್ನು. ಅವರು ಚಾವಡಿಯ ಒಳಗೆ ಹೋಗಿ, ಅಂಬಾರಾಯನಿಂದ ಹಾಳೆಯನ್ನು ಓದಿಸಿಕೊಂಡು ಹೊರಗೆ ಬಂದರು. "ಐದೂ ಖರೆ ಅವ," ಎಂದಳು ಇಮಾಮ್ಬೀ. ಅಷ್ಟೇ.

ಅಂಬಾರಾಯ ಹೆಸರು ಮಾತ್ರ ಓದಿದ. "ಶರಣಬಸಮ್ಮ."

ಉತ್ತರವಿಲ್ಲ.

"ಶರಣಬಸಮ್ಮ."

ಗುರುದೇವಿ ಕಣ್ಣು ಮುಚ್ಚಿಕೊಂಡಳು. ಮೂರನೆಯ ಸಲ ಕರೆದರೆ ಮುಗಿಯಿತು.

"ತಡೀರಿ!"

ಹಿಂದಿನಿಂದ ಬಂದ ದನಿ ಭೀಮಬಾಯಿಯದು. ಮುದುಕಿ ಕೋಲೂರಿಕೊಂಡು ಗಂಡಸರ ಕಟ್ಟೆಯ ತನಕ ಬಂದು ನಿಂತಳು.

"ನನ್ನ ತಕರಾರು ವಾಪಸ್ ತಗೋತೀನ್ರಿ. ನಮ್ಮನಿ ಆಕಿ ಮನಿ ಅಂತ ಬರೆಸಿದ್ದೆ. ಸುಳ್ಳದು. ಮೂರು ವರ್ಷ ಆಕಿನ್ನ ದನದ ಕೂಡ ಮಲಗ್ಸೀನಿ." ಆಕೆ ಉಸಿರು ಎಳೆದುಕೊಂಡಳು. "ನನ್ನ ಸೊಸಿ ಇದ್ದಾಳ್ರಿ. ಯಾವತ್ತೂ ಇದ್ದಾಳ. ಇಲ್ದಾಂವ ನನ್ನ ಮಗ."

ಚಾವಡಿಗೆ ಚಾವಡಿಯೇ ತಲೆ ತಗ್ಗಿಸಿತು.

"ಆದ್ರ ಅವರೇ ಬಂದು ಹೇಳಬೇಕ್ರೀ ಅವ್ವಾರ," ಎಂದ ಅಂಬಾರಾಯ, ಮೆಲ್ಲಗೆ.

"ಗೊತ್ತದ. ನಾನ ಹೋಗಿ ಕರ್ಕೊಂಡು ಬರ್ತೀನಿ. ಕರೀಲಿಕ್ಕ ಹೋಗಬೇಕಾದಾಕಿ ನಾನ."

ಮುದುಕಿ ನಿಧಾನಕ್ಕೆ ಹೋದಳು. ಯಾರೂ ಏಳಲಿಲ್ಲ. ಬಿಸಿಲು ಕಟ್ಟೆಯ ಮೇಲೆ ಬಂತು, ಗಂಡಸರು ಟೊಪ್ಪಿಗೆ ಸರಿಮಾಡಿಕೊಂಡು ಅಲ್ಲೇ ಕೂತರು. ಅರ್ಧ ತಾಸಿನ ಮೇಲೆ ದಾರಿಯಲ್ಲಿ ಇಬ್ಬರು ಕಂಡರು. ಅತ್ತೆ ಸೊಸೆಯ ಕೈ ಹಿಡಿದಿದ್ದಳು. ಶರಣಬಸಮ್ಮನ ಮುಖದ ಮೇಲೆ ಸೆರಗು ಇರಲಿಲ್ಲ.

"ಇದ್ದೀನ್ರಿ," ಎಂದಳು.

ಹೆಂಗಸರು ಸರಿದು ನಡುವೆ ಜಾಗ ಮಾಡಿಕೊಟ್ಟರು. ಕೂರುವ ಮೊದಲು ಅವಳು ತಂಗಿಯ ಮುಂದೆ ಒಂದು ಕ್ಷಣ ನಿಂತಳು.

"ಇನ್ನೂ ನಾಕು ದಿನ ನನ್ನ ಮಾತಾಡಿಸಬ್ಯಾಡ. ನನ್ನ ಹೊಟ್ಯಾಗಿಂದು ಇನ್ನೂ ಹೋಗಿಲ್ಲ." ಆಮೇಲೆ, ತಡೆದು, "ಆದ್ರೂ ನಾಳಿ ಊಟಕ್ಕ ಬಾ," ಎಂದಳು.

ಗುರುದೇವಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

* * *

ಉಳಿದ ನಾಲ್ಕು ಹೆಸರೂ ಓದಿ ಮುಗಿದು ಮಂದಿ ಚದುರಿದ ಮೇಲೆ ಅಂಬಾರಾಯ ಸೈಕಲ್ಲಿಗೆ ಫೈಲು ಕಟ್ಟುತ್ತಿದ್ದ. ಅವಳು ಹತ್ತಿರ ಬಂದು, ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು.

"ನಾಳಿ ಚಿಂಚೋಳಿಗಿ ಹೋಗ್ತೀರಂತ."

"ಹೂಂ."

"ನನ್ನಿಂದ ಆತು. ಬೇಕಾದ್ರ ನಾ ಸಾಹೇಬರಿಗಿ ಬರ್ದು ಕೊಡ್ತೀನಿ…"

"ಬ್ಯಾಡ್ರಿ. ಚಿಂಚೋಳಿದಾಗೂ ಊರು ಅವ, ಪಟ್ಟಿ ಅವ. ಅಲ್ಲಿನೂ ಗಟ್ಟಿಯಾಗಿ ಓದ್ತೀನಿ." ಅವನು ಹಗ್ಗ ಬಿಗಿದ. "ಹೆಂಗ ಓದಬೇಕಂತ ಈಗ ಗೊತ್ತಾಗ್ಯಾದ."

ಅವಳಿಗೆ ಹೋಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

"ನಿಮ್ಮ ಮಾರಿ ನೋಡ್ಲಿಕ್ಕ ನನಗ ಶರಂ ಆಗ್ತದ್ರಿ."

"ನೋಡಬ್ಯಾಡ್ರಿ. ಕೇಳ್ರಿ ಸಾಕು." ಅವನು ಸೈಕಲ್ ಬಿಟ್ಟು ತಿರುಗಿದ. "ಮೊದಲ ಸಲ ಪಟ್ಟಿ ಓದಿದ್ನಲ್ಲ, ಅದರ ಮರುದಿನ ನಿಮ್ಮಪ್ಪಾರ ಹತ್ರ ಬರೋನಿದ್ದೆ. ನಿಮ್ಮನ್ನ ಕೇಳ್ಲಿಕ್ಕ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಮತ್ತ… ಈಗ?"

"ಈಗ ಮೊದಲ ನಿಮಗ ಕೇಳ್ತೀನಿ. ಮನಸಿನಾಗ ಮುಚ್ಚಿಟ್ಕೊಂಡು ಒಮ್ಮಿ ಬುದ್ಧಿ ಬಂದದ. ಗುರುದೇವಿ… ನನ್ನ ಲಗ್ನ ಆಗ್ತೀರೇನು?"

"ಮಂದಿ ಮುಂದ ನಿಮಗ ಕಳ್ಳ ಅಂದಾಕಿಗಿ ಕೇಳ್ತೀರೇನು?"

"ಮಂದಿ ಮುಂದ ತನ್ನ ತಪ್ಪು ಅಂದಾಕಿಗಿ ಕೇಳ್ತೀನಿ."

ಅವಳು ತಲೆ ಎತ್ತಿದಳು. ಎಂಟು ದಿನದಲ್ಲಿ ಮೊದಲ ಸಲ ಅವನ ಕಣ್ಣನ್ನು ನೋಡಿದಳು. ನಾಚಿಕೆ ಇನ್ನೂ ಇತ್ತು. ಅದು ಬೇಗ ಹೋಗುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಅದರ ಜೊತೆಗೇ ಹೂಂಗುಟ್ಟಿದಳು.

"ಒಂದು ಮಾತು ಕೊಡ್ತೀನ್ರಿ. ಇನ್ನ ಮ್ಯಾಲ ನಿಮ್ಮ ಕಿಸೆದಾಗ ಏನದ ಅಂತ ಎಂದೂ ಕೇಳಂಗಿಲ್ಲ."

"ಅಯ್ಯೋ, ಹಂಗ ಮಾಡಬ್ಯಾಡ್ರಿ! ಕೇಳ್ರಿ. ದಿನಾ ಕೇಳ್ರಿ… ಕಸ್ಕೊಬ್ಯಾಡ್ರಿ, ಅಷ್ಟ."

ಅವಳು ಅಳುತ್ತಲೇ ನಕ್ಕಳು. ಕೈ ಚಾಚಲಿಲ್ಲ. ಇದ್ದಲ್ಲೇ ನಿಂತು ಕೇಳಿದಳು.

"ಹಂಗಾದ್ರ ಹೇಳ್ರಿ. ಈಗ ಕಿಸೆದಾಗ ಏನದ?"

"ವರ್ಗದ ಆರ್ಡರ್. ತೋರಿಸ್ಲೇನು?"

"ಬ್ಯಾಡ್ರಿ," ಎಂದಳು ಗುರುದೇವಿ. "ನೀವು ಹೇಳಿದ್ರಲ್ಲ… ಸಾಕು."